ಐದು ದೇಶದ ಹಲ್ಲಿನ ಡಬ್ಬಿ

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ. ಒಂದು ಸಲ ಪೆನ್ನಿನಲ್ಲಿ ಇಂಕಿಲ್ಲ ಎಂದು ಎದ್ದೆ. ಇನ್ನೊಂದು ಸಲ ಕನ್ನಡಕದ ಕಡ್ಡಿ ಸಡಿಲವಾಗಿದೆ ಎಂದು ಎದ್ದೆ. ಒಂದು ಸಲವಂತೂ ಹಸುವಿಗೆ ನೀರಿಟ್ಟಿಲ್ಲವಲ್ಲ ಎಂದು ಎದ್ದು ಕೊಟ್ಟಿಗೆಯವರೆಗೂ ಹೋದೆ. ಹಸು ಮಾರಿ ಆಗಲೇ ಆರು ವರ್ಷವಾಗಿತ್ತು! ಹೀಗೆ ಎದ್ದೂ ಕೂತೂ ಒಂಬತ್ತು ವರ್ಷ ಕಳೆದಿದ್ದೇನೆ. ಈಗ ನನಗೆ ಎಪ್ಪತ್ತಮೂರು. ಇನ್ನೂ ಮುಂದೂಡಿದರೆ ನನ್ನ ಪರವಾಗಿ ಬೇರೆಯವರು ಬರೆಯಬೇಕಾಗುತ್ತದೆ, ಅವರಿಗೆ ವಿಷಯ ಗೊತ್ತಿಲ್ಲ.

ವಿಷಯ ನನ್ನ ತಂಗಿಯದು. ಹೆಸರು ಈಗಲೇ ಬೇಡ. ಮನೆಗೆ ಬಂದ ನೆಂಟರು ಕಾಫಿ ಕೇಳುತ್ತಾರೆ, ಕುಡಿಯುವ ನೀರು ಕೇಳುತ್ತಾರೆ, ಫ್ಯಾನು ಹಾಕಿ ಅನ್ನುತ್ತಾರೆ. ನನ್ನ ತಂಗಿ ಹಲ್ಲು ಕೇಳುತ್ತಿದ್ದಳು.

ತಮಾಷೆಯಲ್ಲ. ಯಾರಾದರೂ ಕೆನ್ನೆಗೆ ಕೈಯಿಟ್ಟುಕೊಂಡು ಕೂತಿದ್ದರೆ ಸಾಕು, ಇವಳ ಕಣ್ಣು ಅರಳುತ್ತಿತ್ತು. "ಕೀಳಿಸ್ತೀರಾ? ಕೀಳಿಸಿದ್ರೆ ಎಸೀಬೇಡಿ, ನಂಗೆ ಕೊಡಿ." ನಮ್ಮ ಪಕ್ಕದ ನಂಜನಗೂಡಿನ ಹೆಸರು ಊರೂರಿಗೆ ಹೋದದ್ದೇ ಹಲ್ಲುಪುಡಿಯಿಂದ. ಊರಿಗೆ ಊರೇ ಹಲ್ಲು ಉಳಿಸುವ ಕಡೆ ನಿಂತಿದ್ದರೆ, ಇವಳೊಬ್ಬಳು ಅವು ಬೀಳುವುದನ್ನೇ ಕಾಯುವ ಕಡೆ. ನನ್ನ ಮಗಳ ಮೊದಲ ಹಾಲುಹಲ್ಲು ಬಿದ್ದಾಗ ನಮ್ಮ ಪದ್ಧತಿಯಂತೆ ಸಗಣಿಯ ಉಂಡೆಯಲ್ಲಿಟ್ಟು ಹೆಂಚಿನ ಮೇಲಕ್ಕೆ ಎಸೆದಿದ್ದೆವು. ಅದೇ ಸಂಜೆ ಬಂದವಳು ಸುದ್ದಿ ಕೇಳಿದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು. ಪಕ್ಕದ ಮನೆಯವರು, "ಡಾಕ್ಟ್ರಮ್ಮ ಮೇಲೇನು ಮಾಡ್ತಾವ್ರೆ?" ಎಂದು ಕೇಳಿದರು. ಸಗಣಿ ಕೆದಕುತ್ತಿದ್ದಾಳೆ ಎಂದು ಹೇಗೆ ಹೇಳಲಿ? ಹೆಂಚು ಸರಿ ಮಾಡ್ತಾವಳೆ ಎಂದೆ. ಮಾರನೆಯ ದಿನ ಅವರೂ ತಮ್ಮ ಮನೆಯ ಎರಡು ಹೆಂಚು ಸೋರುತ್ತವೆ ಎಂದು ಹೇಳಿಕಳಿಸಿದರು.

ಹಲ್ಲನ್ನು ಅವಳು ಪುಕ್ಕಟೆಯಾಗಿ ಪಡೆಯುತ್ತಿರಲಿಲ್ಲ. ಹಲ್ಲಿನ ಡಾಕ್ಟರ ಬಾಗಿಲಲ್ಲಿ ರಸಬಾಳೆ ಚಿಪ್ಪು ಹಿಡಿದು ಕೂರುತ್ತಿದ್ದಳು. ಒಂದು ಹಲ್ಲಿಗೆ ಒಂದು ಚಿಪ್ಪು. ಅದ್ಯಾಕೆ ಬಾಳೆಹಣ್ಣು ಎಂದು ಕೇಳಿದ್ದಕ್ಕೆ, ಹಲ್ಲು ಕೊಟ್ಟವರು ಆಮೇಲೆ ಇನ್ನೇನು ತಿನ್ನಬಲ್ಲರು ಎಂದು ನನ್ನನ್ನೇ ಕೇಳಿದಳು. ಆದರೆ ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಸಾವಿನ ಮನೆಯಲ್ಲಿ ಅವಳು ಎಂದೂ ಬಾಯಿ ಬಿಡಲಿಲ್ಲ. ಬದುಕಿರುವವರು ತಾವಾಗಿ ಕೊಡುತ್ತೇನೆ ಎಂದು ಹೇಳಿ, ಕಾಗದದಲ್ಲಿ ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತಿದ್ದಳು.

ಇಷ್ಟೆಲ್ಲ ಯಾಕೆಂದರೆ, ಅವಳು ಭೌತಶಾಸ್ತ್ರ ಓದಿ ಡಾಕ್ಟರೇಟು ಮಾಡಿದವಳು. ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸ, ಟಿ. ನರಸೀಪುರದಲ್ಲಿ ಪುಟ್ಟ ಮನೆ, ದಿನಾ ಬಸ್ಸಿನಲ್ಲಿ ಓಡಾಟ. ಮೈಸೂರಲ್ಲೇ ಮನೆ ಮಾಡಬಾರದೇ ಎಂದರೆ, ಬಸ್ಸಿನಲ್ಲಾದರೆ ಹೊಸ ಹಲ್ಲು ಸಿಕ್ಕುತ್ತವೆ ಎನ್ನುತ್ತಿದ್ದಳು. ಅವಳ ವಿದ್ಯೆಯ ಹೆಸರು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ನನಗೆ ಅವಳು ವಿವರಿಸಿದ್ದು ಹೀಗೆ. ಪರಮಾಣುವಿನೊಳಗೆ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಜೋಡಿಯಾಗಿ ಇರುತ್ತವೆ. ವಿಕಿರಣ ತಾಗಿದರೆ ಕೆಲವು ಜೋಡಿ ಮುರಿದು ಒಂಟಿಯಾಗುತ್ತವೆ. ಹಲ್ಲಿನ ಮೇಲಿನ ಬಿಳಿ ಪದರದಲ್ಲಿ ಹಾಗೆ ಒಂಟಿಯಾದವು ಎಷ್ಟು ಕಾಲವಾದರೂ ಅಲ್ಲೇ ಕೂತಿರುತ್ತವೆ. ದೊಡ್ಡ ಅಯಸ್ಕಾಂತದ ನಡುವೆ ಹಲ್ಲನ್ನಿಟ್ಟು ಒಂದು ಬಗೆಯ ಅಲೆ ಹಾಯಿಸಿದರೆ ಆ ಒಂಟಿಗಳು ಓಗೊಡುತ್ತವೆ. ಎಷ್ಟು ಒಂಟಿಗಳೋ ಅಷ್ಟು ವಿಕಿರಣ. ಎಲ್ಲಾದರೂ ಅಣುಸ್ಥಾವರದಲ್ಲಿ ಅವಘಡವಾದರೆ ಯಾರಿಗೆ ಎಷ್ಟು ತಾಗಿತು, ಯಾರಿಗೆ ಮೊದಲು ಚಿಕಿತ್ಸೆ ಬೇಕು ಎಂಬುದನ್ನು ಅವರ ಹಲ್ಲೇ ಹೇಳಬಲ್ಲದು.

ಅವಳು ಮದುವೆಯಾಗಲಿಲ್ಲ. ನೆಂಟರಿಷ್ಟರು ಆ ಮಾತೆತ್ತಿದಾಗಲೆಲ್ಲ ಈ ಎಲೆಕ್ಟ್ರಾನುಗಳನ್ನೇ ಮುಂದೆ ಮಾಡುತ್ತಿದ್ದಳು. "ಜೋಡಿಯಾದ್ವು ಒಂದನ್ನೊಂದು ಸುಮ್ನಾಗಿಸ್ಬುಡ್ತವೆ ಕಣತ್ತೆ. ಒಂಟಿಯಾಗಿರೋವು ಮಾತ್ರ ನಮ್ ಮಿಷನ್ನಿಗೆ ಕೇಳ್ಸೋದು." ನನ್ನ ಹೆಂಡತಿ ಅದನ್ನು ಕೇಳಿ ನನ್ನ ಕಡೆ ನೋಡಿದ ನೋಟವನ್ನು ನಾನಿನ್ನೂ ಮರೆತಿಲ್ಲ. ನಾನು ಸುಮ್ಮನಿದ್ದೆ, ಜೋಡಿಯಾದವನು.

ಈಗ ಸೊಸೈಟಿಯ ವಿಷಯಕ್ಕೆ ಬರುತ್ತೇನೆ. ಕಳಲೆ ಪಕ್ಕದ ನಮ್ಮೂರಿನಲ್ಲಿ ಸೊಸೈಟಿ ಅಂದರೆ ಹಾಲಿನ ಸೊಸೈಟಿ, ನಾನು ಮೂವತ್ತು ವರ್ಷ ಅದರ ಕಾರ್ಯದರ್ಶಿ. ಇವಳೂ ಒಂದು ಸೊಸೈಟಿಯ ಕಾರ್ಯದರ್ಶಿಯಾದಳು ಎಂದು ಗೊತ್ತಾದಾಗ, ದಿನಕ್ಕೆ ಎಷ್ಟು ಲೀಟರು ಎಂದು ನಮ್ಮವರು ಕೇಳಿದರು. ಈ ಸ್ಪಿನ್ ವಿದ್ಯೆಗೆ ಒಂದೊಂದು ದೇಶದಲ್ಲಿ ಒಂದೊಂದು ಸಂಘವಿದೆಯಂತೆ. ಅಂಥ ಐದು ದೇಶದವರು ಸೇರಿ ಹಲ್ಲಿನ ಕೆಲಸಕ್ಕೆಂದು ಒಂದು ಜಂಟಿ ಸಮಿತಿ ಮಾಡಿಕೊಂಡಿದ್ದರು. ನಮ್ಮದು, ಜಪಾನು, ಜರ್ಮನಿ, ಪೋಲೆಂಡು, ಬ್ರೆಜಿಲ್. ಅದರ ಕಾರ್ಯದರ್ಶಿ ನರಸೀಪುರದ ಅಡುಗೆಮನೆಯಲ್ಲಿ ಕೂತು ಲ್ಯಾಪ್‌ಟಾಪು ಕುಟ್ಟುವ ನನ್ನ ತಂಗಿ.

ವಿಜ್ಞಾನಿಗಳು ಜಗಳವಾಡುವುದಿಲ್ಲ ಎಂದುಕೊಂಡಿದ್ದೆ. ಹಾಲಿನ ಸೊಸೈಟಿಯೇ ವಾಸಿ! ಮೊದಲ ಸಭೆಯಲ್ಲಿ ಅವರಿಗೆ ತಮ್ಮ ವಿದ್ಯೆಯ ಹೆಸರಿನಲ್ಲೇ ಒಮ್ಮತ ಬರಲಿಲ್ಲ. ಅರ್ಧ ಜನ ಇಎಸ್‌ಆರ್ ಅನ್ನುತ್ತಾರೆ, ಇನ್ನರ್ಧ ಇಪಿಆರ್ ಅನ್ನುತ್ತಾರೆ, ಅಳೆಯುವುದು ಒಂದನ್ನೇ. ಕಾಗದದ ತಲೆಯ ಮೇಲೆ ಯಾವುದನ್ನು ಅಚ್ಚು ಹಾಕಿಸಬೇಕು ಎಂದು ಎರಡು ತಿಂಗಳು ಪತ್ರಗಳು ಓಡಾಡಿದವು. ಕೊನೆಗೆ ನನ್ನ ತಂಗಿ, ನಮ್ಮೂರ ಹೊಳೆಯನ್ನು ನಾವು ಕಪಿಲೆ ಅನ್ನುತ್ತೇವೆ, ಸರ್ಕಾರದವರು ಕಬಿನಿ ಅನ್ನುತ್ತಾರೆ, ಗದ್ದೆಗೆ ಎರಡು ಹೆಸರಿನಲ್ಲೂ ನೀರು ಬರುತ್ತದೆ ಎಂದು ಬರೆದಳು. ಜರ್ಮನಿಯವರು ಅದನ್ನು ಓದಿ ಎರಡು ಹೆಸರನ್ನೂ ಹಾಕಿ ಎಂದರಂತೆ.

ಹೆಸರಿನ ಜಗಳ ಮುಗಿದ ಮೇಲೆ ನಿಜವಾದ ಜಗಳ ಶುರುವಾಯಿತು. ಒಂದೇ ಬಗೆಯ ಹಲ್ಲಿಗೆ ಐದು ದೇಶದಿಂದ ಐದು ಲೆಕ್ಕ ಬರುತ್ತಿತ್ತು. ಪ್ರತಿಯೊಬ್ಬರಿಗೂ ತಮ್ಮ ಮಿಷನ್ನೇ ಸತ್ಯಹರಿಶ್ಚಂದ್ರ. ಅವಳು ಒಂದು ಭಾನುವಾರ ನಮ್ಮ ಮನೆಗೆ ಬಂದು ತಲೆ ಹಿಡಿದುಕೊಂಡು ಕೂತಳು. ಇದು ನನಗೆ ಗೊತ್ತಿದ್ದ ಕಷ್ಟ. ನಮ್ಮ ಹಾಲಿನ ಸೊಸೈಟಿಯಲ್ಲೂ ಬೆಳಗಾದರೆ ಇದೇ ತಕರಾರು: ಊರಿನಲ್ಲಿ ಅಳೆದ ಜಿಡ್ಡೇ ಬೇರೆ, ಮೇಲಿನ ಡೈರಿಯಲ್ಲಿ ಅಳೆದ ಜಿಡ್ಡೇ ಬೇರೆ. ನಾನು ಹೇಳಿದೆ, "ಅವರವರ ಹಾಲು ಅವರವರು ಅಳ್ಕೊಂಡ್ರೆ ಜನ್ಮದಲ್ಲಿ ತಾಳೆ ಆಗಲ್ಲ ಕಣವ್ವ. ಒಂದೇ ಕ್ಯಾನು ಸೀಲ್ ಮಾಡಿ ಎಲ್ಲಾರ ಮನೆಗೂ ಕಳ್ಸು. ಎಲ್ರೂ ಅದೇ ಹಾಲನ್ನೇ ಅಳೀಲಿ."

ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. ಮುಂದಿನ ಸಭೆಯಲ್ಲಿ ಇದು ನಮ್ಮಣ್ಣನ ಉಪಾಯ, ಅವನೂ ಒಂದು ಸೊಸೈಟಿಯ ಕಾರ್ಯದರ್ಶಿ ಎಂದು ಹೇಳಿದಳಂತೆ. ಪೋಲೆಂಡಿನವರು ಅಣ್ಣನ ಸಂಶೋಧನಾ ಕ್ಷೇತ್ರ ಯಾವುದು ಎಂದು ಕೇಳಿದರಂತೆ.

ಹೀಗೆ ಆ ಡಬ್ಬಿ ಹುಟ್ಟಿತು. ಐದೂ ದೇಶದವರು ತಮ್ಮ ತಮ್ಮ ಜನರಿಂದ ಕೇಳಿ ಪಡೆದ ಹಲ್ಲುಗಳನ್ನು ಹಾಕಿದರು. ಒಟ್ಟು ಮೂವತ್ತೆರಡು. ಐದು ದೇಶ ಸೇರಿ ಕೊನೆಗೂ ಒಂದು ಬಾಯಾಯಿತು ಎಂದು ಅವಳು ನಕ್ಕಿದ್ದಳು. ಒಂದೊಂದು ಹಲ್ಲಿಗೂ ಒಂದು ಪುಟ್ಟ ಗಾಜಿನ ಸೀಸೆ, ಸೀಸೆಗೊಂದು ನಂಬರು. ಅವುಗಳಲ್ಲಿ ಒಂದು ಜಪಾನಿನ ಒಬ್ಬ ಅಜ್ಜಿಯದು. ಅಣುಬಾಂಬು ಬಿದ್ದಾಗ ಆಕೆ ಅದು ಬಿದ್ದ ಊರಿನಲ್ಲೇ ಇದ್ದ ಮಗು. ಆ ಡಬ್ಬಿ ಎರಡು ವರ್ಷ ದೇಶದಿಂದ ದೇಶಕ್ಕೆ ತಿರುಗಿ ನಾಲ್ಕು ಕಡೆ ಅಳತೆ ಮುಗಿಸಿ, ಕೊನೆಯ ಅಳತೆಗೆ ನಮ್ಮಲ್ಲಿಗೆ ಹೊರಟಿತು. ಅವಳಿಗೆ ಅದೇ ಹೊತ್ತಿಗೆ ಜಪಾನಿನಲ್ಲಿ ಸಮಿತಿಯ ಸಭೆ. ಪ್ರಯೋಗಾಲಯದಲ್ಲಿ ತಾನಿಲ್ಲದಾಗ ಬೇರೆಯವರ ಕೈಗೆ ಸಿಕ್ಕುವುದು ಬೇಡವೆಂದು, ನರಸೀಪುರದ ಮನೆಗೂ ಬೀಗ ಹಾಕುವುದರಿಂದ, ನಮ್ಮೂರಿನ ನನ್ನ ಮನೆಯ ವಿಳಾಸ ಕೊಟ್ಟಳು. ಹೊರಡುವಾಗ ತನ್ನ ಮನೆಯ ಕೀಲಿಯನ್ನೂ ನನ್ನ ಕೈಗಿಟ್ಟು, "ನಿನ್ ಉಪಾಯ, ನಿನ್ ಮನೆಗೇ ಬರ್ತದೆ. ಜೋಪಾನ ಅಣ್ಣ" ಎಂದಳು.

ಡಬ್ಬಿ ಬಂತು. ಬಂದದ್ದು ನನ್ನ ಮಗಳ ಮದುವೆಯ ಚಪ್ಪರದ ದಿನ. ಮನೆ ತುಂಬ ಜನ, ತಗಡೂರಿನಿಂದ ಬೀಗರ ಕಡೆಯ ಹಿರಿಯರೂ ಬಂದು ಜಮಖಾನದ ಮೇಲೆ ಕೂತಿದ್ದರು. ಮೇಲೆ ಫಾರಿನ್ನಿನ ಸ್ಟಾಂಪು ನೋಡಿ ನನ್ನ ಹೆಂಡತಿ, ನಾದಿನಿ ಮದುವೆಗೆ ಉಡುಗೊರೆ ಕಳಿಸಿದ್ದಾಳೆ ಎಂದು ಎಲ್ಲರ ಮುಂದೆ ಕತ್ತರಿ ಹಾಕಿದಳು. ಚಾಕೊಲೇಟು ಎಂದು ಮಕ್ಕಳು ಮುತ್ತಿಕೊಂಡವು. ಮುಚ್ಚಳ ತೆಗೆದರೆ ದವಡೆ ಹಲ್ಲುಗಳು ಸಾಲಾಗಿ ನಗುತ್ತಿವೆ.

ಬೀಗರ ಹಿರಿಯರು ಊರುಗೋಲು ಹಿಡಿದು ಎದ್ದು ನಿಂತರು. "ಯಾವ್ ಸತ್ತೋರ ಮೂಳೆ ಇವು? ಇಂಥಾ ಚಪ್ಪರದಡಿ ನಮ್ ಉಡುಗನ್ನ ತಂದು ಕೂರ್ಸಕಾದದಾ?"

ಸತ್ತವರದ್ದಲ್ಲ, ಬದುಕಿದ್ದವರೇ ಕೈಯಾರೆ ಕೊಟ್ಟದ್ದು, ಇದು ನನ್ನ ತಂಗಿಯ ಕೆಲಸ, ದೊಡ್ಡ ಕೆಲಸ. ಇಷ್ಟು ಹೇಳಲು ನನಗೆ ಚೆನ್ನಾಗಿ ಬರುತ್ತಿತ್ತು. ಹೇಳಲಿಲ್ಲ. ಯಾರದೋ ಡಬ್ಬಿ, ತಪ್ಪಾಗಿ ನಮ್ಮ ಮನೆಗೆ ಬಂದಿದೆ ಎಂದೆ. ಈಗಲೇ ವಿಲೇವಾರಿ ಮಾಡಿ ಬರುತ್ತೇನೆ ಎಂದು ಅವರನ್ನು ಕೂರಿಸಿ, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮೊಪೆಡ್ ಹತ್ತಿದೆ. ನರಸೀಪುರಕ್ಕೆ ಹೋಗಿ ತಂಗಿಯ ಮನೆಯಲ್ಲಿಟ್ಟು ಬರುತ್ತೇನೆ, ಅವಳ ಹತ್ತಿರ ಈ ಮಾತೆತ್ತಬೇಡ, ಒಡೆದದ್ದು ಗೊತ್ತಾದರೆ ನೊಂದುಕೊಳ್ಳುತ್ತಾಳೆ ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದೆ.

ನರಸೀಪುರಕ್ಕೇ ಹೋದೆ. ಅವಳ ಬೀದಿಯಲ್ಲೇ ಹೋದೆ. ಬೀಗ ಹಾಕಿದ ಬಾಗಿಲ ಮುಂದೆ ಗಾಡಿಯ ವೇಗವನ್ನೂ ಕಡಿಮೆ ಮಾಡಿದೆ. ಕೀಲಿ ನನ್ನ ಜೇಬಿನಲ್ಲಿತ್ತು. ಆದರೂ ನಿಲ್ಲಿಸದೆ ನೇರವಾಗಿ ಹೊಳೆಗಳು ಕೂಡುವ ಸಂಗಮಕ್ಕೆ ಹೋದೆ.

ಯಾಕೆ ಎಂದು ಒಂಬತ್ತು ವರ್ಷದಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಬೀಗರ ಭಯ ಎಂದು ಬಹಳ ದಿನ ಹೇಳಿಕೊಂಡೆ. ಅದು ಸುಳ್ಳು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಒಳ್ಳೆಯ ನಂಬರೇ ಬಂದಿತ್ತು. ಆದರೂ ಅಪ್ಪ, "ನೀನು ಹಸ ನೋಡ್ಕೊ, ಅವ್ಳು ಓದ್ಲಿ" ಎಂದಿದ್ದ. ಅದೊಂದು ಮಾತು ನನ್ನೊಳಗೆ ಒಂಟಿಯಾಗಿ ಕೂತಿತ್ತು. ಜಪಾನಿಗೆ ಹೋಗುವವಳು ಅವಳು, ಅವಳ ಡಬ್ಬಿಯಿಂದ ಚಪ್ಪರದಡಿ ತಲೆ ತಗ್ಗಿಸುವವನು ನಾನು. ಅವಳ ಬಾಗಿಲ ಮುಂದೆ ಹಾದುಹೋಗುವಾಗ ನನ್ನ ತಲೆಯಲ್ಲಿದ್ದದ್ದು ಇದೇ.

ಸಂಗಮದಲ್ಲಿ ಅಸ್ಥಿ ಬಿಡಿಸುವ ಶಾಸ್ತ್ರಿಗಳೊಬ್ಬರು ಕೂತಿದ್ದರು. ಹಲ್ಲುಗಳನ್ನು ಸೀಸೆಗಳಿಂದ ಸುರಿದು ಪಂಚೆಯ ತುದಿಯಲ್ಲಿ ಕಟ್ಟಿಕೊಂಡಿದ್ದೆ. ಸುಮ್ಮನೆ ಎಸೆಯಲು ಕೈ ಬರಲಿಲ್ಲ, ಅದಕ್ಕೇ ಅವರ ಮುಂದೆ ಕೂತೆ. ಅವರು ಗಂಟು ಬಿಚ್ಚಿ ನೋಡಿ, ಬರೀ ಹಲ್ಲೇ ಇವೆಯಲ್ಲ, ಒಬ್ಬರದೇ ಎಂದು ಕೇಳಿದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಲೆಕ್ಕವೂ ಸರಿಯಾಗಿ ಮೂವತ್ತೆರಡಿತ್ತು. ಅಷ್ಟು ಸುಳ್ಳಿನ ನಡುವೆ ಅದೊಂದು ನಿಜ ಯಾಕೆ ಬಾಯಿಗೆ ಬಂತೋ ಕಾಣೆ. ಮೂವತ್ತೆರಡು ಜನದ್ದು ಎಂದುಬಿಟ್ಟೆ.

ಅವರು ಬೆಚ್ಚಿ ನನ್ನ ಮುಖ ನೋಡಿದರು. "ಬಸ್ಸಿಗೇನಾದ್ರೂ ಬೆಂಕಿ ಬಿತ್ತೇ ಯಜಮಾನ್ರೇ?"

ಹೂಂ ಎಂದೆ. ಹೆಸರು ಕೇಳಿದರು, ಗೊತ್ತಿಲ್ಲ ಎಂದೆ. ಗೋತ್ರ ಕೇಳಿದರು, ಜಪಾನು ಬ್ರೆಜಿಲ್ಲು ಎಂದು ಹೇಳಲಾಗುತ್ತದೆಯೇ? ಎಲ್ಲರಿಗೂ ಶಿವಗೋತ್ರವೇ ಆಯಿತು. ಪಾಪ, ಆ ಶಾಸ್ತ್ರಿಗಳು ದಕ್ಷಿಣೆಯ ಮಾತನ್ನೇ ಎತ್ತಲಿಲ್ಲ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ, ಮೂವತ್ತೆರಡು ಸಲ ನನ್ನ ಕೈಯಲ್ಲಿ ಎಳ್ಳುನೀರು ಬಿಡಿಸಿದರು. ಆಮೇಲೆ ನಾನು ನಡುಮಟ್ಟ ನೀರಿಗಿಳಿದು ಗಂಟು ಬಿಚ್ಚಿದೆ. ಆ ಕ್ಷಣದಲ್ಲಿ ನನಗೆ ಹಗುರವೆನ್ನಿಸಿತು. ಇಡೀ ಕತೆಯಲ್ಲಿ ಬರೆಯಲು ನಾಚಿಕೆಯಾಗುವ ವಾಕ್ಯ ಇದೊಂದೇ.

ಧಾರೆಯ ದಿನ ಬೆಳಿಗ್ಗೆ ಅವಳು ವಿಮಾನದಿಂದಿಳಿದು ನೇರ ಛತ್ರಕ್ಕೆ ಬಂದಳು. ಕೈಯಲ್ಲಿ ಅಕ್ಷತೆ ಹಿಡಿದುಕೊಂಡೇ, "ಅಣ್ಣ, ಡಬ್ಬಿ ಬಂತಾ?" ಎಂದು ಕೇಳಿದಳು.

"ಇಲ್ವಲ್ಲವ್ವ" ಎಂದೆ.

ಕಳಿಸಿದವರನ್ನು ಕೇಳಿದರೆ ತಲುಪಿದೆ ಎಂದರಂತೆ. ಚಪ್ಪರದ ದಿನ ಮನೆ ತುಂಬ ಜನ, ಯಾರ ಕೈಗೆ ಕೊಟ್ಟರೋ, ಎಲ್ಲಿ ಬಿಸಾಕಿದರೋ ಎಂದೆ. ಅವಳು ನಂಬಿದಳು. ಮದುವೆ ಮುಗಿದ ಮೇಲೆ ನಮ್ಮ ಮನೆಯ ಹಿಂದಿನ ಎಂಜಲೆಲೆಯ ರಾಶಿಯನ್ನು ಕೋಲಿನಿಂದ ಕೆದಕಿ ಕೆದಕಿ ಹುಡುಕಿದಳು, ಎರಡು ದಿನ. ಅವಳು ಹುಡುಕುತ್ತಿರುವುದು ಬೇರೆ ಡಬ್ಬಿ ಎಂದು ಹೆಂಡತಿಗೆ ಹೇಳಿದೆ. ನಾನೂ ಒಂದು ಕೋಲು ಹಿಡಿದು ಅವಳ ಪಕ್ಕದಲ್ಲೇ ಹುಡುಕಿದೆ.

ಮೂರನೆಯ ದಿನ ಊರಿಗೆ ಹೋದವಳು ಒಂದು ವಾರದ ಮೇಲೆ ಫೋನು ಮಾಡಿದಳು. ಐದೂ ದೇಶದವರ ಜೊತೆ ಕಂಪ್ಯೂಟರಿನಲ್ಲೇ ಸಭೆಯಿದೆ, ಡಬ್ಬಿ ವಿಷಯ ಹೇಳಬೇಕು, "ಒಬ್ಳೇ ಆಗಲ್ಲ ಕಣಣ್ಣ, ಬಂದು ಪಕ್ಕದಲ್ಲಿ ಕೂತ್ಕೋ" ಎಂದಳು. ಹೋಗಿ ಕೂತೆ. ಪರದೆಯ ಮೇಲೆ ನಾಲ್ಕು ಕಿಟಕಿಯಲ್ಲಿ ನಾಲ್ಕು ದೇಶದ ಮುಖಗಳು. ಮಾತಿಗೆ ಮೊದಲು ಅವಳು ನನ್ನ ಕಡೆ ತಿರುಗಿ ಸ್ವಲ್ಪ ಹೊತ್ತು ನೋಡಿದಳು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಆಮೇಲೆ ಅವಳು ಇಂಗ್ಲಿಷಿನಲ್ಲಿ ಶುರು ಮಾಡಿದಳು. ನನ್ನ ಇಂಗ್ಲಿಷು ಎಸ್ಸೆಸ್ಸೆಲ್ಸಿಯದು, ಆದರೂ ಎರಡು ಪದ ತಿಳಿದವು. ಮೈ ಮಿಸ್ಟೇಕ್. ಅದನ್ನು ಮೂರು ಸಲ ಹೇಳಿದಳು.

ಯಾರೂ ಬೈಯಲಿಲ್ಲ. ಜಪಾನಿನವರು ತಲೆ ಬಾಗಿಸಿ ಏನೋ ಅಂದರು. ಆ ಅಜ್ಜಿ ಹೋದ ವರ್ಷ ತೀರಿಹೋದರಂತೆ ಎಂದು ಅವಳು ನನಗೆ ಕನ್ನಡದಲ್ಲಿ ಹೇಳಿದಳು. ಐದನೆಯ ಅಳತೆ ಇಲ್ಲದೆ ಎರಡು ವರ್ಷದ ಲೆಕ್ಕ ಅರ್ಧಕ್ಕೇ ನಿಂತಿತು. ಅವಳು ಕಾರ್ಯದರ್ಶಿಯ ಕೆಲಸ ಬಿಟ್ಟಳು. ಒಂದೊಂದು ದೇಶ ಒಂದೊಂದು ಕಡೆ ತಿರುಗಿಕೊಂಡಿತು. ಅವತ್ತಿನಿಂದ ಅವಳು ಯಾರ ಹಲ್ಲನ್ನೂ ಕೇಳಲಿಲ್ಲ. ನಮ್ಮ ಮನೆಗೆ ಬಂದರೆ ಎಲ್ಲರಂತೆ ಕಾಫಿ ಕೇಳತೊಡಗಿದಳು. ನನ್ನ ಹೆಂಡತಿಗೆ ಅದೇ ವಿಚಿತ್ರವಾಗಿ ಕಂಡಿತು.

ಕೆಲವು ತಿಂಗಳ ಮೇಲೆ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಆ ಶಾಸ್ತ್ರಿಗಳು ಸಿಕ್ಕಿದರು. ನನ್ನನ್ನು ಗುರುತಿಸಿ, ನೀವು ಹಲ್ಲಿನ ಮೇಡಂ ಅವರ ಅಣ್ಣ ಅಲ್ಲವೇ, ಮೂಗು ನೋಡಿಯೇ ಅವತ್ತು ಅಂದುಕೊಂಡೆ ಎಂದರು. ಅವರ ಮನೆ ನನ್ನ ತಂಗಿಯ ಬೀದಿಯ ಕೊನೆಯಲ್ಲೇ ಅಂತೆ! ತಂಗಿಗೆ ಏನಾದರೂ ಹೇಳಿದಿರಾ ಎಂದೆ.

"ಹೇಳಿದೆನಲ್ಲ. ಫಾರಿನ್ನಿಂದ ಬಂದ ವಾರವೇ ಎದುರಿಗೆ ಸಿಕ್ಕಿದ್ದರು. ನಿಮ್ಮ ಕಡೆಯವರು ಮೂವತ್ತೆರಡು ಜನ ಹೋದರಂತಲ್ಲಮ್ಮ, ಬರೀ ಹಲ್ಲು ಉಳಿದಿತ್ತಂತೆ, ಅಣ್ಣನವರು ಬಂದು ಕಾರ್ಯ ಮಾಡಿಸಿದರು ಅಂದೆ. ಎಲ್ಲರಿಗೂ ಮಾಡಿಸಿದಿರಾ ಅಂತ ಕೇಳಿದರು. ಒಬ್ಬರನ್ನೂ ಬಿಡಲಿಲ್ಲ ಅಂದೆ. ಕೈ ಮುಗಿದು ಹೊರಟುಹೋದರು."

ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ. ಅವಳು ನನ್ನನ್ನು ಪಕ್ಕದಲ್ಲಿ ಕೂರಲು ಕರೆದದ್ದು ಈ ಮಾತು ಕೇಳಿದ ಮೇಲೆ. ಕ್ಯಾಲೆಂಡರು ನೋಡುತ್ತಿದ್ದ ನನ್ನನ್ನು ನೋಡಿ, ಆಮೇಲೆ ಮೈ ಮಿಸ್ಟೇಕ್ ಎಂದು ಮೂರು ಸಲ ಹೇಳಿದ್ದು ಎಲ್ಲ ತಿಳಿದ ಮೇಲೆ. ಆಗಲಾದರೂ ಓಡಿಹೋಗಿ ಅವಳ ಕೈ ಹಿಡಿದುಕೊಳ್ಳಬೇಕಿತ್ತು. ನಮ್ಮ ಕಡೆ ಅಣ್ಣನಾದವನು ತಂಗಿಗೆ ಸೀರೆ ಕೊಡುತ್ತಾನೆ, ಬಾಗಿನ ಕೊಡುತ್ತಾನೆ, ತಪ್ಪಾಯಿತು ಎಂದು ಹೇಳುವ ವಾಡಿಕೆಯಿಲ್ಲ. ಆ ವರ್ಷ ಗೌರಿಹಬ್ಬಕ್ಕೆ ಒಂದಕ್ಕೆ ಎರಡು ಸೀರೆ ಕೊಟ್ಟೆ. ಎರಡನ್ನೂ ಉಟ್ಟು ತೋರಿಸಿದಳು, ಒಂದು ಮಾತೂ ಕೇಳಲಿಲ್ಲ.

ಹೋದ ವಾರ ಅವಳ ಫೋನು ಬಂತು. ದನಿಯಲ್ಲಿ ಹಳೆಯ ಉತ್ಸಾಹ. ಐದೂ ದೇಶದ ಸಂಘದವರು ಮತ್ತೆ ಸೇರಿದ್ದಾರಂತೆ, ಹೊಸ ಡಬ್ಬಿ ಮಾಡುತ್ತಾರಂತೆ. ನಿವೃತ್ತಳಾದವಳನ್ನೂ ಬಿಡದೆ ಸಲಹೆಗಾರಳಾಗಿ ಕರೆದಿದ್ದಾರಂತೆ. ಈ ಸಲ ಡಬ್ಬಿ ಮೊದಲು ಬರುವುದೇ ನಮ್ಮ ದೇಶಕ್ಕೆ. "ನಿನ್ ಮನೆ ಅಡ್ರೆಸ್ಸೇ ಕೊಟ್ಟಿದ್ದೀನಿ ಅಣ್ಣ" ಎಂದಳು.

ನನ್ನ ಮನೆ ಯಾಕವ್ವ ಎಂದೆ.

"ಇನ್ಯಾರ ಮನೇದು ಕೊಡ್ಲಿ?" ಎಂದಳು. ಫೋನು ಇಡಲಿಲ್ಲ. ಆ ಕಡೆ ಅವಳು ಉಸಿರಾಡುವುದು ಕೇಳಿಸುತ್ತಿತ್ತು. ಅವಳು ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಸರಿ ಬಿಡವ್ವ, ಬರಲಿ ಎಂದು ಮಾತ್ರ ಹೇಳಿದೆ.

ಅದಕ್ಕೇ ಇವತ್ತು ಏಳಲಿಲ್ಲ, ಕೂತೇ ಬರೆದೆ. ಆ ಡಬ್ಬಿ ನಮ್ಮ ಮನೆಯ ಹೊಸಿಲಿಗೆ ಬರುವ ಮೊದಲು ಇದು ಅವಳ ಕೈ ಸೇರಬೇಕು. ನನ್ನ ತಂಗಿಯ ಹೆಸರು ದೇವೀರಮ್ಮ. ಮನೆಯಲ್ಲಿ ನಾವು ಕರೆಯುವುದು ದೇವೀರಿ.

ದೇವೀರಿ, ಡಬ್ಬಿ ಬಂದಿತ್ತು ಕಣವ್ವ. ನಾನೇ ನೀರಿಗೆ ಬಿಟ್ಟೆ. ತಪ್ಪಾಯ್ತು.